ಕಾಗದದಲ್ಲಿ ಐವತ್ತು ವರ್ಷದ ಹುಡುಗಿ

ಮುಂಬಯಿಯ ಕೋಟೆ ಭಾಗದಲ್ಲಿ, ಸರ್ಕಾರಿ ಕಚೇರಿಯೊಂದರ ಬೆನ್ನಿಗೆ ಅಂಟಿಕೊಂಡಿದ್ದ ಉಡುಪಿ ಹೋಟೆಲಿನಲ್ಲಿ ನಾನು ಏಳು ವರ್ಷ ಸಪ್ಲಾಯರ್ ಆಗಿದ್ದೆ. ಐವತ್ತರ ದಶಕದ ಮಾತು. ನನ್ನಂಥ ಸಪ್ಲಾಯರ್ ಆ ರಸ್ತೆಯಲ್ಲೇ ಇನ್ನೊಬ್ಬನಿರಲಿಲ್ಲ. ಇದನ್ನು ನಾನೇ ಹೇಳಬೇಕಾಗಿದೆ, ಬೇರೆ ಹೇಳಬಲ್ಲವರೆಲ್ಲ ತೀರಿಕೊಂಡಿದ್ದಾರೆ. ಹದಿನಾಲ್ಕು ಟೇಬಲ್ಲಿನ ಆರ್ಡರನ್ನು ಚೀಟಿಯಿಲ್ಲದೆ ತಲೆಯಲ್ಲಿಟ್ಟುಕೊಂಡು, ಎಡಗೈ ಮೇಲೆ ಆರು ತಟ್ಟೆ ಜೋಡಿಸಿಕೊಂಡು ಬರುತ್ತಿದ್ದೆ. ಬಿಡುವಿದ್ದಾಗ ಕೀಟಲೆ ಮಾಡುತ್ತಿದ್ದೆ. ಊರಿನಿಂದ ಹೊಸದಾಗಿ ಬಂದವರಿಗೆ, ಲೋಕಲ್ ರೈಲು ಹತ್ತುವ ಮೊದಲು ಚಪ್ಪಲಿ ಬಿಚ್ಚಿ ಕೈಯಲ್ಲಿ ಹಿಡಿಯಬೇಕು, ಇಲ್ಲದಿದ್ದರೆ ದಂಡ ಎಂದು ಹೇಳಿಕೊಡುತ್ತಿದ್ದೆ. ಹಾಗೆ ಚಪ್ಪಲಿ ಹಿಡಿದು ಅಂಧೇರಿಯಿಂದ ಚರ್ಚ್‌ಗೇಟ್‌ವರೆಗೆ ನಿಂತು ಬಂದವರಲ್ಲಿ ಇಬ್ಬರು ಮುಂದೆ ಸ್ವಂತ ಹೋಟೆಲ್ ಇಟ್ಟರು. ನನಗೆ ಮಾತ್ರ ಕೊನೆಯವರೆಗೂ ಒಂದು ಪುಕ್ಕಟೆ ಕಾಫಿ ಕೊಡಲಿಲ್ಲ.

ನನ್ನ ಕೀಟಲೆಗೆ ಸಿಗದ ಒಬ್ಬರೆಂದರೆ ನಮ್ಮ ಅಡುಗೆ ಭಟ್ಟರು. ಮಾತು ಕಡಿಮೆ, ನಗು ಇನ್ನೂ ಕಡಿಮೆ. ಹೋಟೆಲಿನ ಉಳಿದವರೆಲ್ಲ ಹೆಂಡತಿ ಮಕ್ಕಳನ್ನು ಊರಿನಲ್ಲಿ ಬಿಟ್ಟು ಅಟ್ಟದ ಮೇಲೆ ಮಲಗುವವರು. ಭಟ್ಟರು ಅಂಧೇರಿಯ ಒಂದು ಚಾಳಿನಲ್ಲಿ ಖೋಲಿ ಹಿಡಿದು ಸಂಸಾರ ಮಾಡಿಕೊಂಡಿದ್ದರು. ಒಬ್ಬಳೇ ಮಗಳು, ಐದು ವರ್ಷದವಳು. ರಜೆಯ ದಿನ ನಾನು ಅವರಲ್ಲಿಗೆ ಊಟಕ್ಕೆ ಹೋಗುತ್ತಿದ್ದೆ.

ಒಂದು ಸಂಜೆ ಭಟ್ಟರ ಹೆಂಡತಿ ದೇವರ ಮುಂದೆ ದೀಪ ಹಚ್ಚಿ, ಅದನ್ನು ಹಿಡಿದುಕೊಂಡು ತಿರುಗಿದಾಗ ಹುಡುಗಿಯ ಎಡಗಣ್ಣು ಬೆಕ್ಕಿನ ಕಣ್ಣಿನ ಹಾಗೆ ಬೆಳ್ಳಗೆ ಮಿಂಚಿತು. ನಾನೂ ನೋಡಿದೆ. ಚಾಳಿನ ಹೆಂಗಸರು ದೃಷ್ಟಿ ತೆಗೆದರು, ಜೇನುತುಪ್ಪ ಹಾಕಿಸಿದರು, ನಂದಿಬಟ್ಟಲ ಹೂವಿನ ರಸ ಹಿಂಡಿಸಿದರು. ಹೀಗೆ ಒಂದು ತಿಂಗಳು ಕಳೆಯಿತು. ಆಮೇಲೆ ಕಣ್ಣಿನ ಡಾಕ್ಟರೊಬ್ಬರು ನೋಡಿ, ದೊಡ್ಡ ಆಸ್ಪತ್ರೆಗೆ ಕಾಗದ ಬರೆದುಕೊಟ್ಟರು. ಅಲ್ಲಿನ ಡಾಕ್ಟರರು ಹೇಳಿದರು: ಕಣ್ಣಿನೊಳಗೆ ಕ್ಯಾನ್ಸರ್ ಗಡ್ಡೆ ಇದೆ, ಕಣ್ಣು ತೆಗೆದು ಕಿರಣ ಕೊಡಬೇಕು. ಬೇಗ ಆದರೆ ಮಗು ಉಳಿಯುತ್ತದೆ, ತಡವಾದರೆ ನರದ ದಾರಿ ಹಿಡಿದು ಮಿದುಳಿಗೆ ಹೋಗುತ್ತದೆ.

ಭಟ್ಟರು, "ಅವಳು ಎಲೆಯಡಿಕೆ ಸಹ ಹಾಕೂದಿಲ್ಲ, ಡಾಕ್ಟ್ರೆ" ಎಂದರು.

ನಗಬೇಡಿ. ನಮಗೆಲ್ಲ ಗೊತ್ತಿದ್ದದ್ದು ಅಷ್ಟೇ. ಆ ರೋಗ ಹೊಗೆಸೊಪ್ಪು ಜಗಿಯುವ ಮುದುಕರಿಗೆ ಬರುವಂಥದ್ದು. ಸರ್ಕಾರಕ್ಕೆ ಗೊತ್ತಿದ್ದದ್ದೂ ಅಷ್ಟೇ ಎಂದು ನನಗೆ ಆಮೇಲೆ ತಿಳಿಯಿತು.

ಬಡವರಿಗೆ ಒಂದು ದಾರಿಯಿತ್ತು. ಸರ್ಕಾರದ ಮಂಜೂರಾತಿ ಚೀಟಿ ತಂದರೆ ಹಾಸಿಗೆಯೂ ಕಿರಣವೂ ಪುಕ್ಕಟೆ. ಆ ಚೀಟಿ ಹೊರಡುವುದು ನಮ್ಮ ಹೋಟೆಲಿನ ಬೆನ್ನಿಗಿದ್ದ ಕಚೇರಿಯಿಂದಲೇ. ಅಲ್ಲಿನ ಹೆಡ್ ಕ್ಲಾರ್ಕ್ ಧಾರವಾಡದ ರಾಯರೊಬ್ಬರು. ಆಗ ಧಾರವಾಡವೂ ಮುಂಬಯಿ ರಾಜ್ಯದೊಳಗೇ ಇದ್ದದ್ದರಿಂದ ಅಂಥವರು ಆ ಕಚೇರಿಯಲ್ಲಿ ಹಲವರಿದ್ದರು. ದಿನಾ ಮೂರು ಗಂಟೆಗೆ ರಾಯರ ಟೇಬಲ್ಲಿಗೆ ಕಾಫಿ ಒಯ್ಯುವವನು ನಾನು. ಅವರೇ ಇಂಗ್ಲಿಷಿನಲ್ಲಿ ಅರ್ಜಿ ಬರೆದು, ಟೈಪ್ ಮಾಡಿಸಿ, ಒಳಗೆ ಕಳಿಸಿದರು. ಹತ್ತೇ ದಿನದಲ್ಲಿ ಮಂಜೂರಾತಿ ಬಂತು. ಇದು ನನ್ನ ಕಾಫಿಯ ಮಹಿಮೆ ಎಂದು ಹೋಟೆಲಿನಲ್ಲೆಲ್ಲ ಹೇಳಿಕೊಂಡು ತಿರುಗಿದೆ.

ಮರುದಿನ ಭಟ್ಟರ ಹೆಂಡತಿ ಮಗಳನ್ನು ಕರೆದುಕೊಂಡು ಆಸ್ಪತ್ರೆಗೆ ಹೋಗಿ, ಸಂಜೆಯೊಳಗೆ ಹೋಟೆಲಿನ ಹಿಂಬಾಗಿಲಿಗೆ ವಾಪಸ್ಸು ಬಂದರು. ಚೀಟಿಯಲ್ಲಿ ಇದ್ದದ್ದು ಹೀಗೆ: ಹೆಂಗಸು, ವಯಸ್ಸು ಐವತ್ತು. ಐವತ್ತರ ಹೆಂಗಸಿನ ಹಾಸಿಗೆಯನ್ನು ಐದರ ಮಗುವಿಗೆ ಕೊಟ್ಟರೆ ಲೆಕ್ಕ ತಪಾಸಣೆಯವರು ಹಿಡಿಯುತ್ತಾರೆಂದು ಆಸ್ಪತ್ರೆಯ ಕಾರಕೂನ ಕೈಮುಗಿದನಂತೆ. ಮಕ್ಕಳ ವಾರ್ಡಿನಲ್ಲಿ ಕೇಳಿದರೆ, ಇದು ಕ್ಯಾನ್ಸರ್, ನಮ್ಮಲ್ಲಿ ಕಿರಣದ ಯಂತ್ರವಿಲ್ಲ ಎಂದರಂತೆ.

ನಾನು ಚೀಟಿ ಹಿಡಿದು ರಾಯರ ಹತ್ತಿರ ಓಡಿದೆ. ಅವರು ಕಡತ ತರಿಸಿ ನೋಡಿ ತಲೆ ಚಚ್ಚಿಕೊಂಡರು.

"ನೋಡಲೇ ತಮ್ಮಾ, ನಾ ಐದು ಅಂತನ ಬರ್ದೀನಿ. ಒಳಗಿನ ಕ್ಲಾರ್ಕ್ ಇದನ್ನ ತಿದ್ಯಾನ. ಐದು ವರ್ಷದಾಕಿಗೆ ಕ್ಯಾನ್ಸರ್ ಎಲ್ಲಿಂದ ಬರತದ, ಟೈಪಿಸ್ಟ್ ಸೊನ್ನಿ ಬಿಟ್ಟಾನ ಅಂತ ತಾನ ಒಂದು ಸೊನ್ನಿ ಹಾಕ್ಯಾನ. ಭಾಳ ಹುಷಾರ ಮನಶ್ಯಾ ಅಂವಾ. ತಪ್ಪು ಕಂಡ್ರ ಬಿಡಂಗಿಲ್ಲ."

"ಈಗ ಎಂತ ಮಾಡೂದು ರಾಯ್ರೆ?"

"ನೀ ಎಂತನೂ ಮಾಡಬ್ಯಾಡ. ಅದ ದೊಡ್ಡ ಉಪಕಾರ. ಎಂಟು ದಿನ ಬಾಯಿ ಮುಚ್ಚಿಕೊಂಡು ಕೂಡು. ಸಾಹೇಬ್ರು ರಜಾ ಮ್ಯಾಲೆ ಹೋಗ್ತಾರ. ಆವಾಗ ಸದ್ದಿಲ್ಲದಂಗ ಒಂದು ತಿದ್ದುಪಡಿ ಹಚ್ಚಿ ಕಳಸ್ತೀನಿ. ಯಾರೂ ಕೇಳಂಗಿಲ್ಲ."

ಎಂಟು ದಿನ ಬಾಯಿ ಮುಚ್ಚಿಕೊಂಡಿರಲು ನನಗೆ ಆಗಲಿಲ್ಲ. ಮಗುವಿಗೆ ಎಂಟು ದಿನ ಹೆಚ್ಚಾಯಿತು ಎಂಬುದು ನಾನು ಎಲ್ಲರಿಗೂ ಕೊಟ್ಟ ಕಾರಣ. ಅದು ಸುಳ್ಳಲ್ಲ. ಇನ್ನೊಂದು ಕಾರಣವೂ ಇತ್ತು: ಇಂಥ ಒಳ್ಳೆಯ ಕೀಟಲೆಯ ಅವಕಾಶ ಜೀವಮಾನದಲ್ಲಿ ಮತ್ತೆ ಬರುವುದಿಲ್ಲವೆಂದು ಅನ್ನಿಸಿತ್ತು.

ಮಂಜೂರಾತಿಗೆ ಸಹಿ ಹಾಕುವ ಸಾಹೇಬರು ಬುಧವಾರ ಮೂರರ ಮೇಲೆ ಜನರನ್ನು ಕಾಣುತ್ತಿದ್ದರು. ಹೊರಗೆ ಕೂತ ಜವಾನ, ಅಲ್ಲಿಯವರ ಬಾಯಲ್ಲಿ ಪಟ್ಟೇವಾಲಾ, ಒಂದು ಚೀಟಿ ಕೊಡುತ್ತಾನೆ; ಹೆಸರು, ವಯಸ್ಸು, ಕೆಲಸ ಬರೆದುಕೊಡಬೇಕು; ಅವನು ಒಳಗೆ ಹೋಗಿ ಅದನ್ನು ಓದುತ್ತಾನೆ. ನಾನು ಸರ್ಕಾರ ಬರೆದದ್ದನ್ನೇ ಬರೆದೆ. ಹೆಂಗಸು, ಐವತ್ತು, ಮಂಜೂರಾತಿಗಾಗಿ ಉಪಕಾರ ಹೇಳಲು ಬಂದಿದ್ದಾಳೆ. ಹುಡುಗಿಗೆ ಹಿಂದಿಯಲ್ಲಿ ಒಂದು ಪಾಠ ಹೇಳಿಕೊಟ್ಟಿದ್ದೆ. ವಯಸ್ಸು ಕೇಳಿದರೆ 'ಪಚಾಸ್' ಎನ್ನಬೇಕು. ದಾರಿಯುದ್ದಕ್ಕೂ ಹೇಳುತ್ತ ಬಂದಿದ್ದಳು.

"ಸಾಹೇಬ್ರಿಗೆ ಸಿಟ್ಟು ಬಂದ್ರೆ?" ಎಂದು ಅವಳ ತಾಯಿ ಮೆಟ್ಟಿಲಲ್ಲಿ ಕೇಳಿದರು.

"ನಗ್ತಾರೆ ಅಕ್ಕ. ನಕ್ಕ ಮೇಲೆ ಕೊಡದೆ ಇರುವವರನ್ನು ನಾನು ನೋಡ್ಲಿಲ್ಲ. ಇಷ್ಟು ವರ್ಷ ಟಿಪ್ಸ್ ತೆಗೊಂಡದ್ದು ಹಾಗೇ."

ಪಟ್ಟೇವಾಲಾ ಗಂಭೀರವಾಗಿ ಚೀಟಿ ಓದಿದ. ನಾನು ಹುಡುಗಿಯನ್ನು ಸಾಹೇಬರ ಎದುರಿನ ದೊಡ್ಡ ಕುರ್ಚಿಯ ಮೇಲೆ ಕೂರಿಸಿದೆ. ಅವಳ ಕಾಲು ನೆಲಕ್ಕಿಂತ ಒಂದು ಮೊಳ ಮೇಲಿತ್ತು. ಸಾಹೇಬರು ಅವಳ ಹಿಂದೆ ಬಾಗಿಲಿನ ಕಡೆ ನೋಡಿ, ಮರಾಠಿಯಲ್ಲಿ, ಮುದುಕಿ ಎಲ್ಲಿ ಎಂದು ಕೇಳಿದರು.

"ಇವಳೇ ಸಾಹೇಬ್" ಎಂದೆ ನಾನು. "ಕಾಗದ ನಿಮ್ಮದೇ."

ಸಾಹೇಬರು ಕನ್ನಡಕ ಸರಿಮಾಡಿಕೊಂಡು, ಹುಡುಗಿಯ ಕಡೆ ಬಾಗಿ, ವಯಸ್ಸೆಷ್ಟು ಎಂದು ಹಿಂದಿಯಲ್ಲಿ ಕೇಳಿದರು. ಅವಳು ನನ್ನ ಮುಖ ನೋಡಿದಳು. ಆಮೇಲೆ, ಸುಳ್ಳು ಹೇಳಲು ಮನಸ್ಸಾಗದೆಯೋ ಏನೋ, "ಸಾಡೇ ಪಾಂಚ್" ಎಂದಳು. ಐದೂವರೆ. ನಾವೆಲ್ಲ ಐದು ಎನ್ನುತ್ತಿದ್ದುದು ಅವಳಿಗೆ ಮೊದಲಿನಿಂದಲೂ ಸರಿಬಂದಿರಲಿಲ್ಲ.

ಇಡೀ ಕೋಣೆ ನಕ್ಕಿತು. ಟೈಪಿಸ್ಟು ನಕ್ಕ, ಪಟ್ಟೇವಾಲಾ ನಕ್ಕ, ಸಾಹೇಬರೂ ನಕ್ಕರು. ರಾಯರು ಮಾತ್ರ ಮೂಲೆಯ ಟೇಬಲ್ಲಿನಲ್ಲಿ ತಲೆ ತಗ್ಗಿಸಿ ಕೂತಿದ್ದರು. ನಾನು ಗೆದ್ದೆ ಎಂದುಕೊಂಡು ಕೈಕಟ್ಟಿ ನಿಂತೆ.

ಸಾಹೇಬರು ಕಡತ ತರಿಸಿದರು. ಓದುತ್ತ ಓದುತ್ತ ಅವರ ಮುಖದ ನಗು ಹೋಯಿತು. ಕೈಕೆಳಗಿನವರ ಎದುರಿಗೆ ನಕ್ಕುಬಿಟ್ಟಿದ್ದರಿಂದ ಈಗ ಹೆಚ್ಚು ಕಟ್ಟುನಿಟ್ಟಾಗಬೇಕಾಯಿತು ಎಂದು ನನ್ನ ಅಂದಾಜು. ಒಂದು ಪುಸ್ತಕ ತೆಗೆಸಿ ನಿಯಮ ನೋಡಿದರು. ಆ ರೋಗಕ್ಕೆ ಪುಕ್ಕಟೆ ಹಾಸಿಗೆ ಇರುವುದು ವಯಸ್ಕ ಗಂಡಸರಿಗೆ ಮತ್ತು ಹೆಂಗಸರಿಗೆ. ಮಕ್ಕಳ ರೋಗಗಳ ಪಟ್ಟಿ ಬೇರೆಯೇ ಇತ್ತು. ಅದರಲ್ಲಿ ಗಂಟಲಮಾರಿಯಿತ್ತು, ಕ್ಷಯವಿತ್ತು, ಕ್ಯಾನ್ಸರ್ ಇರಲಿಲ್ಲ. ಸಾಹೇಬರು ಕೆಟ್ಟವರಲ್ಲ. ಹುಡುಗಿಯ ಕಣ್ಣನ್ನು ಎರಡು ಸಲ ನೋಡಿದರು, ಮೂರನೆಯ ಸಲ ನೋಡಲಿಲ್ಲ. ಕೆಂಪು ಶಾಯಿಯಲ್ಲಿ ಮಂಜೂರಾತಿಯ ಮೇಲೆ ಅಡ್ಡಗೆರೆ ಎಳೆದು, ಕಾರಣ ಬರೆದು, ಸಹಿ ಹಾಕಿದರು.

ಹೊರಗೆ ಬಂದಾಗ, ಬಾಗಿಲ ಹತ್ತಿರವೇ ನಿಂತಿದ್ದ ತಾಯಿ ಕೇಳಿದರು: "ಎಂತ ಹೇಳಿದ್ರು?"

ಉಪ್ಪುಖಾರ ಹಚ್ಚದೆ ಇದ್ದದ್ದನ್ನು ಇದ್ದ ಹಾಗೆ ಹೇಳಿದೆ.

"ನಕ್ಕಿದ್ದು ಕೇಳಿತು ನಂಗೆ" ಎಂದರು ಅವರು. "ನಕ್ಕ ಮೇಲೆ ಕೊಡ್ತಾರೆ ಅಂದಿದ್ರಿ."

ಹುಡುಗಿ, ತಾನು ತಪ್ಪು ಹೇಳಿದೆನಾ ಎಂದು ಕೇಳಿದಳು. ಇಲ್ಲ ಎಂದೆ.

ಅಡುಗೆಮನೆಯಲ್ಲಿ ಭಟ್ಟರು ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಬಾಯಿಗೆ ಬಾಯಿ ಕೊಟ್ಟು ಮುಗಿಸುತ್ತಿದ್ದೆ. ಅವರು ನಾನು ಕೂಗಿದ ಆರ್ಡರನ್ನು ನನ್ನ ಮುಖ ನೋಡದೆ ಹಾಕಿ ಕಟ್ಟೆಯ ಮೇಲೆ ಇಡುತ್ತಿದ್ದರು. ದೋಸೆ ಯಾವತ್ತಿನ ಹಾಗೆ ಗರಿಗರಿಯಾಗಿತ್ತು. ಮೂರು ದಿನ ಹೀಗೆ ನಡೆಯಿತು. ಆ ಮೂರು ದಿನದಲ್ಲಿ ಒಮ್ಮೆ ಏಳನೆಯ ಟೇಬಲ್ಲಿನ ಉಪ್ಪಿಟ್ಟನ್ನು ಒಂಬತ್ತನೆಯದಕ್ಕೆ ಇಟ್ಟುಬಿಟ್ಟೆ. ಏಳು ವರ್ಷದಲ್ಲಿ ಅದೊಂದೇ ಸಲ.

ನಾಲ್ಕನೆಯ ದಿನ ರಾಯರು ತಾವೇ ಹೋಟೆಲಿಗೆ ಬಂದು ಮೂಲೆಯಲ್ಲಿ ಕೂತರು.

"ನಿನ್ನ ಮಾರಿ ನೋಡಬಾರದು ಅಂತಿದ್ದೆ. ಆದ್ರ ಕಾಫಿ ಬೇರೆ ಕಡೆ ಸರಿ ಹೋಗಂಗಿಲ್ಲ" ಎಂದರು. "ಕೂಡು ಇಲ್ಲೆ."

"ಸಪ್ಲಾಯರ್ ಕೂತ್ಕೊಳ್ಳುವ ಹಾಗಿಲ್ಲ ರಾಯ್ರೆ."

"ಹಂಗಾದ್ರ ನಿಂತ ಕೇಳು. ಸಾಹೇಬ್ರು ಏನ್ ಬರ್ದಾರ ಗೊತ್ತದ ಏನು? 'ಮಕ್ಕಳ ಕ್ಯಾನ್ಸರಿಗೆ ಸರ್ಕಾರದ ಯಾವ ಏರ್ಪಾಡೂ ಇಲ್ಲ.' ಕೆಳಗ ಸಹಿ. ಇಷ್ಟು ದಿನಾ ಈ ಮಾತು ಯಾವ ಕಾಗದದಾಗೂ ಇರಲಿಲ್ಲ. ಯಾರೂ ಕೇಳಿರಲಿಲ್ಲ, ಹಿಂಗಾಗಿ ಯಾರೂ ಇಲ್ಲ ಅಂದಿರಲಿಲ್ಲ. ಈಗ ಅಂದಾರ. ಅಂದದ್ದರ ಮ್ಯಾಲೆ ಮ್ಯಾಲಿನವರಿಗೆ ತಕರಾರು ಅರ್ಜಿ ಹಾಕಬಹುದು. ನಿನ್ನ ಹುಚ್ಚುತನದಿಂದ ಆದ ಉಪಯೋಗ ಇದೊಂದ."

ಕಚೇರಿಯವರಿಗೆ ಬರೆದದ್ದು ಮಾತ್ರ ನಿಜ. ಹೋಟೆಲಿನಲ್ಲಿ ಬರೆಯದೆ ಎಲ್ಲವೂ ನಡೆಯುತ್ತದೆ. ಆದ್ದರಿಂದ ಈ ವಿದ್ಯೆ ನನಗೆ ಹೊಸದು. ರಾಯರು ಅಲ್ಲೇ ಕೂತು ಅರ್ಜಿ ಬರೆದರು. ಎರಡು ಕೇಳಿಕೆಗಳಿದ್ದವು. ಒಂದು, ಈ ಮಗುವಿಗೆ ಕೂಡಲೇ ಹಾಸಿಗೆ ಕೊಡಬೇಕು. ಎರಡು, ನಿಯಮದಲ್ಲಿ ಮಕ್ಕಳನ್ನೂ ಸೇರಿಸಬೇಕು. ಸರ್ಕಾರಿ ನೌಕರರಾದ್ದರಿಂದ ತಾವು ಸಹಿ ಹಾಕುವಂತಿಲ್ಲವೆಂದು ಮನೆಗೆ ಒಯ್ದು ಹೆಂಡತಿಯ ಸಹಿ ಹಾಕಿಸಿ ತಂದರು. ಅದೇ ಮೊದಲ ಸಹಿ.

ಉಳಿದ ಸಹಿಗಳನ್ನು ಹಾಕಿಸಿದವನು ನಾನು. ಇಲ್ಲಿ ಸ್ವಲ್ಪ ಜಂಭ ಕೊಚ್ಚಿಕೊಳ್ಳಲು ಅನುಮತಿ ಬೇಕು. ಕಾಫಿಯ ಲೋಟವನ್ನು ಅರ್ಜಿಯ ಹಾಳೆಯ ಪಕ್ಕದಲ್ಲಿ ಇಟ್ಟು, ಪೆನ್ಸಿಲನ್ನು ಸಕ್ಕರೆ ಚಮಚದ ಜಾಗದಲ್ಲಿ ಇಡುತ್ತಿದ್ದೆ. ಚಮಚ ಕೇಳಿದವರಿಗೆ, ಮೊದಲು ಇದರಿಂದ ಕೆಲಸ ಮುಗಿಸಿ ಎನ್ನುತ್ತಿದ್ದೆ. ಸಹಿ ಹಾಕದವರ ಟೇಬಲ್ಲಿಗೆ ಎರಡನೆಯ ಸಲ ಸಾಂಬಾರು ಹೋಗುತ್ತಿರಲಿಲ್ಲ.

"ಏನ್ ಭಾಯ್, ಸಾಂಬಾರ್ ಖತಂ?" ಎಂದು ಒಬ್ಬ ಗುಜರಾತಿ ದಲಾಲ ಕೇಳಿದ.

"ಸಾಂಬಾರ್ ಇದೆ ಸೇಠ್. ಸಹಿ ಖತಂ."

ಅವನು ಅರ್ಜಿ ಓದಿದ. ಮಕ್ಕಳಿಗೂ ಈ ರೋಗ ಬರುತ್ತದೆಯೇ ಎಂದು ಕೇಳಿದ. ಪ್ರತಿಯೊಬ್ಬರೂ ಅದನ್ನೇ ಕೇಳಿದರು. ಕೇಳಿದವರಿಗೆಲ್ಲ, ಹಿಂಬಾಗಿಲಿನ ಹತ್ತಿರ ತಾಯಿಯ ಜೊತೆ ಕೂತಿದ್ದ ಹುಡುಗಿಯನ್ನು ತೋರಿಸುತ್ತಿದ್ದೆ. ಎರಡನೆಯ ದಿನ ತಾಯಿ ಅವಳನ್ನು ಕರೆದುಕೊಂಡು ಬರಲಿಲ್ಲ. "ಅವಳು ಎಂತ ಗಾಜಿನ ಕಪಾಟಿನ ಮೈಸೂರುಪಾಕಾ, ಬಂದವರೆಲ್ಲ ನೋಡ್ಲಿಕ್ಕೆ?" ಎಂದು ಕೇಳಿದರಂತೆ ಭಟ್ಟರ ಹತ್ತಿರ. ಅದು ಸರಿಯೇ ಇತ್ತು. ಆಮೇಲೆ ನಾನು ಬಾಯಲ್ಲೇ ಹೇಳಿ ಸಹಿ ಹಾಕಿಸಿದೆ. ಕೆಲಸ ನಿಧಾನವಾಯಿತು, ಆದರೆ ಆಯಿತು.

ಕನ್ನಡ ಮಾತಾಡುವ ಶಾಸಕರೊಬ್ಬರು ಅಧಿವೇಶನದ ದಿನಗಳಲ್ಲಿ ನಮ್ಮಲ್ಲಿಗೆ ದೋಸೆಗೆ ಬರುತ್ತಿದ್ದರು. ಅವರಿಗೆ ಅರ್ಜಿ ಕೊಟ್ಟಾಗ ಅವರೂ ಅದೇ ಪ್ರಶ್ನೆ ಕೇಳಿದರು. ಹಿಂದಿನ ನಾನಾಗಿದ್ದರೆ ಏನಾದರೊಂದು ಆಟ ಕಟ್ಟುತ್ತಿದ್ದೆ. ಈ ಸಲ, "ಒಂದು ಗಂಟೆ ನನ್ನ ಜೊತೆ ಬನ್ನಿ" ಎಂದಷ್ಟೇ ಹೇಳಿ ಆಸ್ಪತ್ರೆಯ ಜಗಲಿಗೆ ಕರೆದುಕೊಂಡು ಹೋದೆ. ಅಲ್ಲಿ ಗೋಡೆಗೆ ಒರಗಿ ಕೂತವರಲ್ಲಿ ಮಕ್ಕಳನ್ನು ಮಡಿಲಲ್ಲಿಟ್ಟುಕೊಂಡವರು ಬಹಳ ಮಂದಿ ಇದ್ದರು. ಒಬ್ಬ ಹುಡುಗನ ದವಡೆ ಊದಿತ್ತು. ಒಂದು ಕೂಸಿನ ಹೊಟ್ಟೆ ಗಡಿಗೆಯಂತಿತ್ತು. ಶಾಸಕರು ಆ ತುದಿಯಿಂದ ಈ ತುದಿಗೆ ನಡೆದರು, ಹೊರಗೆ ಬಂದು ಟ್ಯಾಕ್ಸಿಯಲ್ಲಿ ಕೂತು, "ಅರ್ಜಿಯ ಇನ್ನೊಂದು ಪ್ರತಿ ಉಂಟಾ?" ಎಂದು ಕೇಳಿದರು.

ನಾನು ಚೀಟಿ ಹಿಡಿದು ರಾಯರ ಹತ್ತಿರ ಓಡಿದ ದಿನದಿಂದ ಹತ್ತೊಂಬತ್ತನೆಯ ದಿನಕ್ಕೆ ಆದೇಶ ಬಂತು. ರಾಯರು ಹೇಳಿದ ಹಾಗೆ ಸುಮ್ಮನಿದ್ದಿದ್ದರೆ ಎಂಟನೆಯ ದಿನಕ್ಕೆ ಬರುತ್ತಿತ್ತು. ಈ ಹನ್ನೊಂದು ದಿನ ನನ್ನವು. ಕಣ್ಣು ತೆಗೆದಾದ ಮೇಲೆ ಡಾಕ್ಟರರನ್ನು ಒಬ್ಬನೇ ಹೋಗಿ ಕೇಳಿದೆ, ಆ ಹನ್ನೊಂದು ದಿನದಿಂದ ಏನಾದರೂ ಕೆಟ್ಟಿತೇ ಎಂದು. "ಬೇಗ ಬಂದಿದ್ದರೆ ಬೇಗ ಮಾಡುತ್ತಿದ್ದೆವು" ಎಂದರು. ವಡೆ ಬಿಸಿ ಇದೆಯಾ ಎಂದು ಕೇಳಿದವರಿಗೆ ನಾನೂ ಇಂಥದೇ ಉತ್ತರ ಕೊಟ್ಟವನು. ಮತ್ತೆ ಕೇಳಲಿಲ್ಲ.

ಕಿರಣ ಕೊಟ್ಟದ್ದು ಹಲವು ವಾರ. ಕೂದಲು ಒಂದು ಬದಿಯಲ್ಲಿ ಉದುರಿತು. ಹುಡುಗಿ ಉಳಿದಳು. ಆ ಹುಷಾರು ಕ್ಲಾರ್ಕ್ ಹಾಕಿದ ವಯಸ್ಸನ್ನು ಅವಳು ಈಗ ನಿಜವಾಗಿಯೇ ದಾಟಿದ್ದಾಳೆ, ಮಲಾಡಿನಲ್ಲಿದ್ದಾಳೆ, ನನ್ನನ್ನು ಕಂಡರೆ ಸದರ.

ಆದೇಶದ ಕೊನೆಯಲ್ಲಿ ಒಂದು ಸಾಲಿತ್ತು. ಇದು ವಿಶೇಷ ಪ್ರಕರಣ, ಬೇರೆ ಯಾರೂ ಇದನ್ನು ಮುಂದಿಟ್ಟುಕೊಂಡು ಕೇಳತಕ್ಕದ್ದಲ್ಲ. ಅಂದರೆ ಮೊದಲ ಕೇಳಿಕೆ ಸಿಕ್ಕಿತು, ಎರಡನೆಯದು ಇಲ್ಲ. ರಾಯರಿಗೆ ನನ್ನ ಸಹವಾಸಕ್ಕಾಗಿ ಒಂದು ಮೆಮೊ ಸಿಕ್ಕಿತು. ನಿಯಮದಲ್ಲಿ ಮಕ್ಕಳು ಸೇರಿದ್ದು ಬಹಳ ತಡವಾಗಿ, ಅದೂ ಒಂದೇ ಸಾಲಿನಲ್ಲಿ. ಅಷ್ಟರಲ್ಲಿ ರಾಜ್ಯ ಒಡೆದು ರಾಯರು ಧಾರವಾಡಕ್ಕೆ ಹೋಗಿದ್ದರು. ಆ ಸಾಲು ಬರೆಯಲು ಯಾರಿಗೂ ಮನಸ್ಸಿರಲಿಲ್ಲ ಎಂದು ನಾನು ಹೇಳುವುದಿಲ್ಲ. ಬರೆಯಬೇಕಾದವರ ಕಣ್ಣಿಗೆ ಇಂಥ ಮಗು ಬಿದ್ದಿರಲಿಲ್ಲ, ಬಿದ್ದಾಗ ಅವರು ಅದನ್ನು ಟೈಪಿಸ್ಟನ ತಪ್ಪು ಎಂದುಕೊಂಡರು. ಸರ್ಕಾರದಲ್ಲಿ ಪಟ್ಟಿ ಮಾಡುವವರು ಯಾರೇ ಇರಲಿ, ಪಟ್ಟಿಗೆ ಮೊದಲು ಒಂದು ಬೆಳಿಗ್ಗೆ ಅಂಥ ಜಗಲಿಯಲ್ಲಿ ಕೂತು ಬರಬೇಕೆಂದು ಆಗಲೂ ಹೇಳಿದೆ, ಈಗಲೂ ಹೇಳುತ್ತೇನೆ. ನನ್ನನ್ನು ಯಾರೂ ಕೇಳಿಲ್ಲ, ಅದು ಬೇರೆ.

ಹುಡುಗಿಯನ್ನು ಆಸ್ಪತ್ರೆಯಿಂದ ಮನೆಗೆ ಕಳಿಸಿದ ದಿನ ಮಧ್ಯಾಹ್ನ ಗಂಟು ಹೊರಲು ನಾನು ಅಲ್ಲಿಗೆ ಹೋಗಿದ್ದೆ. ತಾಯಿ ಮಗಳ ಕೈಹಿಡಿದು ಜಗಲಿಗೆ ಬಂದರು. ಹಿಡಿದದ್ದು ಎಡಗೈ. ಆ ಕಡೆ ಕಣ್ಣಿಲ್ಲದ್ದರಿಂದ, ಹಿಡಿದವರು ತಾಯಿಯೇ ಹೌದಾ ಎಂದು ಅವಳು ನಾಲ್ಕು ಹೆಜ್ಜೆಗೊಮ್ಮೆ ಕುತ್ತಿಗೆ ಪೂರ್ತಿ ತಿರುಗಿಸಿ ನೋಡುತ್ತಿದ್ದಳು. ಗೋಡೆಯ ಹತ್ತಿರ ಕೂತಿದ್ದ ಒಬ್ಬ ಹೆಂಗಸು ನಮ್ಮ ಮಾತು ಕೇಳಿ ಎದ್ದು ಬಂದಳು. ವಿಜಾಪುರದ ಕಡೆಯವಳು. ಶಾಸಕರ ಜೊತೆ ಬಂದ ದಿನ ಕಂಡ ಹೊಟ್ಟೆ ಊದಿದ ಕೂಸು ಅವಳದೇ.

"ಯಕ್ಕಾ, ನಿಮಗ ಒಳಗ ಹಾಸಿಗಿ ಹ್ಯಾಂಗ ಸಿಕ್ಕಿತು? ನಮಗ ದೊಡ್ಡವರಿಗಷ್ಟ ಅಂತಾರ."

ನಾನು ಆದೇಶದ ಕೊನೆಯ ಸಾಲನ್ನು ಅವಳಿಗೆ ಹೇಗೆ ಹೇಳುವುದೆಂದು ಯೋಚಿಸುತ್ತಿದ್ದೆ. ಅಷ್ಟರಲ್ಲಿ ಭಟ್ಟರ ಹೆಂಡತಿ, "ಇವರು ಅರ್ಜಿ ಬರೆಸಿ ಕೊಡ್ತಾರೆ" ಎಂದು ನನ್ನ ಕಡೆ ಕೈ ತೋರಿಸಿದರು. ಆಮೇಲೆ ನನ್ನ ಕೈಯ ಗಂಟನ್ನು ಕೆಳಗಿಡಿಸಿ, ಮಗಳನ್ನು ತೊಡೆಯ ಮೇಲೆ ಕೂರಿಸಿಕೊಂಡು, ಆ ಹೆಂಗಸಿನ ಪಕ್ಕದಲ್ಲಿ ನೆಲದ ಮೇಲೆ ಕೂತುಬಿಟ್ಟರು.

"ಅಕ್ಕ, ಲೋಕಲ್ ತಪ್ಪಿತು" ಎಂದೆ.

"ಇನ್ನೊಂದು ಉಂಟಲ್ಲ. ಪೆನ್ಸಿಲ್ ತೆಗೀರಿ."

ತೆಗೆದೆ. ಕೂಸಿನ ಹೆಸರು ಬರೆದೆ. ವಯಸ್ಸು ಕೇಳಿದೆ.

"ಮೂರು ತುಂಬಿ ನಾಕರಾಗ ಐತ್ರೀ" ಎಂದಳು ಅವಳು.

ಭಟ್ಟರ ಹೆಂಡತಿ ನನ್ನ ಕೈಯನ್ನೇ ನೋಡುತ್ತಿದ್ದರು. "ಅವಳು ಹೇಳಿದ ಹಾಗೇ ಬರೀರಿ" ಎಂದರು. "ನಿಮ್ಮ ತಮಾಷೆ ಇದ್ರಲ್ಲಿ ಬೇಡ."

ಅವಳು ಹೇಳಿದ ಹಾಗೇ ಬರೆದೆ. ಆಮೇಲೆ, ರೋಗ ಕಾಣಿಸಿ ಎಷ್ಟು ದಿನವಾಯಿತು ಎಂದು ಕೇಳಿದೆ.